ಬಿಡು, ಬಿಡೆ

ಮಾರ್ಚ್ ೩

ತಮ್ಮಾ,

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ "ಹೂಂ", "ಊಟ ಆಯ್ತಾ", "ಸರಿ, ಇಡ್ಲಾ" ಎಂದು ಮೂರು ಮಾತಿಗೆ ಮುಗಿಸುತ್ತೀಯ. ಚಿಕ್ಕಂದಿನಲ್ಲಿ ನಿನಗೆ ಮೂಗಪ್ಪ ಅಂತ ಹೆಸರಿಟ್ಟವಳು ನಾನೇ, ಈಗ ಅನುಭವಿಸುತ್ತಿದ್ದೇನೆ. ಅದಕ್ಕೇ ಕಾಗದ. ಇದನ್ನು ನಡುವೆ ಇಟ್ಟುಬಿಡಲು ಆಗುವುದಿಲ್ಲವಲ್ಲ.

ಎಲ್ಲ ಮುಗಿಸಿ ಮನೆಗೆ ಬಂದು ಎಂಟೊಂಬತ್ತು ದಿನವಾಯಿತು. ಶಾಲೆಗೆ ಹೋಗುತ್ತಿದ್ದೇನೆ. ಸ್ಟಾಫ್ ರೂಮಿಗೆ ಕಾಲಿಟ್ಟ ಕೂಡಲೇ ಮಾತು ನಿಲ್ಲುತ್ತದೆ. ಆಮೇಲೆ ಯಾರಾದರೊಬ್ಬರು ಈ ಸಲದ ಬಿಸಿಲು ಎಷ್ಟು ಜೋರು ಅಂತ ಶುರು ಮಾಡುತ್ತಾರೆ. ಅವರದೇನೂ ತಪ್ಪಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಬಿಸಿಲಿನ ಮಾತನ್ನೇ ಆಡುತ್ತಿದ್ದೆ.

ನೀನು ಕಳಿಸಿದ ಚೀಲ ಬಂತು. ಎರಡು ಅಂಗಿ, ಕ್ಷೌರದ ಸಾಮಾನು, ಕನ್ನಡಕ. ಕನ್ನಡಕದ ಗಾಜನ್ನು ಚೆನ್ನಾಗಿ ಒರೆಸಿ ಕಳಿಸಿದ್ದೀಯ. ಯಾಕೆ ಒರೆಸಿದೆ ಅಂತ ನಿನ್ನ ಮೇಲೆ ತುಂಬ ಕೋಪ ಬಂತು. ಅವರ ಬೆರಳಿನ ಗುರುತು ಅದರ ಮೇಲೆ ಇದ್ದೇ ಇರುತ್ತಿತ್ತು, ಅವರು ಯಾವಾಗ ಗಾಜು ಒರೆಸಿದವರು!

ಒಂದು ಮಾತು ಕೇಳಬೇಕು. ನಿನ್ನ ಭಾವ ಇಪ್ಪತ್ತೆರಡು ವರ್ಷ ಆ ನಾಟಕಶಾಲೆಯ ಹಗ್ಗದ ಮೇಸ್ತ್ರಿ. ಅಷ್ಟೂ ವರ್ಷ ಮೇಲೆ ತೂಗುವ ಪರದೆಗಳನ್ನು ಏರಿಸಿ ಇಳಿಸಿದ ಮನುಷ್ಯನ ತಲೆಯ ಮೇಲೇ ಪರದೆಯ ಕಬ್ಬಿಣದ ಕೊಳವೆ ಬಿತ್ತು ಅಂದರೆ ನಾನು ನಂಬುವುದು ಹೇಗೆ? ಆಗ ಹಗ್ಗ ಯಾರ ಕೈಯಲ್ಲಿತ್ತು? ಕೊನೆಗೆ ಅವರು ಏನಾದರೂ ಅಂದರಾ? ಅವರ ಜೊತೆ ಒಂಬತ್ತು ವರ್ಷ ಕೆಲಸ ಮಾಡಿದವನು ನೀನು, ಅವತ್ತೂ ಅಲ್ಲೇ ಇದ್ದವನು. ನಿನ್ನನ್ನಲ್ಲದೆ ಯಾರನ್ನು ಕೇಳಲಿ?

ಇನ್ನೊಂದು. ನಿನ್ನ ಅಂಗೈಗಳಿಗೆ ಬಟ್ಟೆ ಸುತ್ತಿತ್ತು. ಗಾಜು ತಾಗಿತು ಅಂದೆ. ಎರಡು ಅಂಗೈಗೂ ಒಂದೇ ಸಲ ತಾಗುವ ಗಾಜು ಯಾವುದಪ್ಪಾ?

ಅಕ್ಕ


ಮಾರ್ಚ್ ೧೪

ಅಕ್ಕಾ,

ನಿನ್ನ ಕಾಗದ ಬಂದು ಒಂದು ವಾರವಾಯಿತು. ಬರೆಯಲು ಕೂತೆ, ಎದ್ದೆ, ಮತ್ತೆ ಕೂತೆ. ನನ್ನ ಕಾಗೆಕಾಲು ಅಕ್ಷರ ನಿನಗೆ ಗೊತ್ತೇ ಇದೆ.

ಭಾವ ನರಳಲಿಲ್ಲ. ಇದು ಸತ್ಯ.

ಅವತ್ತು ಸೋಮವಾರ, ಆಟ ಇರಲಿಲ್ಲ. ಮಧ್ಯಾಹ್ನ ಕೋಟೆಯ ಪರದೆಯನ್ನು ಎರಡು ಮೊಳ ಇಳಿಸಿ ಕಟ್ಟುವುದಿತ್ತು. ಎದುರು ತೂಕಕ್ಕೆ ಕಟ್ಟುವ ಮರಳಿನ ಚೀಲಗಳು ಹರಿದಿದ್ದವು, ಹೊಲಿಯಲು ತೆಗೆದಿದ್ದರು. ಹಾಗಾಗಿ ಭಾರವೆಲ್ಲ ಹಗ್ಗದ ಮೇಲೇ ಇತ್ತು. ಪರದೆಯ ಅಂಚು ಸಿಂಹಾಸನದ ಮೆಟ್ಟಿಲಿನ ಮೊಳೆಗೆ ಸಿಕ್ಕಿಕೊಂಡಿತು. ಬಿಡಿಸಲು ಭಾವ ಕೆಳಗೆ ಹೋದರು. "ಬಿಡು" ಅಂದರು. ಹಗ್ಗ ಬಿಡಲಾಯಿತು. ಕೊಳವೆ ಬಂತು. ಬೇರೆ ಏನೂ ಅನ್ನಲಿಲ್ಲ.

ಕೈಗೆ ತಾಗಿದ್ದು ಗಾಜೇ. ಈಗ ವಾಸಿಯಾಗಿದೆ.

ಅಕ್ಕಾ, ನಿನ್ನಿಂದ ಒಂದು ಸಹಾಯ ಆಗಬೇಕು. ವಿಚಾರಣೆಗೆ ಒಬ್ಬ ಸಾಹೇಬರು ಬಂದಿದ್ದಾರೆ. ತೆಳ್ಳಗಿದ್ದಾರೆ, ಯಾವಾಗಲೂ ಶೀತ. ನಾಟಕ ನೋಡಿದವರೇ ಅಲ್ಲವಂತೆ. "ಬಿಡು ಅಂದ್ರೆ ನಿಮ್ಮಲ್ಲಿ ಏನ್ರೀ ಅರ್ಥ? ಕೆಳಗೆ ಬಿಡು ಅಂತಾನಾ, ಇಲ್ಲಾ ಹಾಗೇ ಬಿಡು, ಮುಟ್ಬೇಡ ಅಂತಾನಾ?" ಎಂದು ಕೇಳಿದರು. ನಾನು ಬೆವರು ಒರೆಸಿಕೊಂಡೆ. "ಹೋಗ್ಲಿ, ಬರೆದುಕೊಡಿ. ಎಷ್ಟು ಅರ್ಥ ಇದೆಯೋ ಅಷ್ಟೂ ಬರೀರಿ" ಅಂದರು. ಇಷ್ಟು ವರ್ಷ ಆ ಮಾತು ಕೇಳಿದ್ದೇನೆ, ಕೇಳಿದಂತೆ ಮಾಡಿದ್ದೇನೆ. ಅದಕ್ಕೆ ಅರ್ಥ ಬರೆಯುವುದು ಹೇಗೆ? ನೀನು ಮಕ್ಕಳಿಗೆ ಭಾಷೆ ಕಲಿಸುವವಳು. ಒಂದು ಹಾಳೆ ಬರೆದು ಕಳಿಸು.

ತಮ್ಮ


ಮಾರ್ಚ್ ೨೧

ಮೂಗಪ್ಪಾ,

ನಿನ್ನ ಕಾಗದ ಓದುವಾಗ ನನಗೇ ಗೊತ್ತಿಲ್ಲದೆ ಕೆಂಪು ಪೆನ್ನು ಕೈಗೆ ಬಂತು. "ಹಗ್ಗ ಬಿಡಲಾಯಿತು" ಅಂತ ಬರೆದಿದ್ದೀಯ. ಯಾರು ಬಿಟ್ಟರು? ಇಷ್ಟುದ್ದ ಬರೆದು, ಮುಖ್ಯವಾದ ಒಂದೇ ಒಂದು ವಾಕ್ಯಕ್ಕೆ ಕರ್ತೃಪದ ಹಾಕದ ಹುಡುಗನಿಗೆ ನನ್ನ ತರಗತಿಯಲ್ಲಿ ಸೊನ್ನೆ. ನಾನು ಕೇಳಿದ್ದು ಅದನ್ನೇ, ನೀನು ನುಂಗಿದ್ದೂ ಅದನ್ನೇ.

ಇರಲಿ. ಸಾಹೇಬರಿಗೆ ಬೇಕಾದದ್ದು ಬರೆಯುತ್ತೇನೆ. ನಿನ್ನ ಕಾಗೆಕಾಲಿನಲ್ಲೇ ನಕಲು ಮಾಡಿ ಕೊಡು.

ಹಿಡಿದದ್ದನ್ನು ಸಡಿಲಿಸುವುದು, ಅದೇ ಮೂಲ. ಹಿಂದಿನ ಕಾಲದಲ್ಲಿ ದಂಡು ನಡೆದು ನಡೆದು ದಣಿದು, ಹೊರೆ ಇಳಿಸಿ, ಕುದುರೆಗಳನ್ನು ಬಿಚ್ಚಿ ಬಿಟ್ಟ ಜಾಗವೇ ಬೀಡು. ಬೀಡುಬಿಟ್ಟರು ಅನ್ನುತ್ತೇವಲ್ಲ, ಅದು. ಬಿಡಾರವೂ ಅದೇ ಮನೆತನದ್ದು ಅನ್ನುತ್ತಾರೆ. ಬಿಡುವು, ಬಿಡುಗಡೆ, ಬಿಡಿ ಹೂವು, ಎಲ್ಲ ಅಣ್ಣತಮ್ಮಂದಿರು. ಪಕ್ಕದ ಭಾಷೆಯವರಂತೂ ಮನೆಯನ್ನೇ ವೀಡು ಅಂತ ಕರೆಯುತ್ತಾರೆ. ಬಿಟ್ಟುಹೋಗುವುದಕ್ಕೂ ಮನೆಗೂ ಬೇರು ಒಂದೇ, ನೋಡು. ಇದನ್ನು ನನಗಿಂತ ಚೆನ್ನಾಗಿ ತಿಳಿದವಳು ಇರಲಿಕ್ಕಿಲ್ಲ.

ಆಮೇಲೆ ಅದು ಹೇಗೆ ಬೆಳೆಯಿತೋ, ಲೆಕ್ಕವೇ ಸಿಗುವುದಿಲ್ಲ. ಗಿಡ ಹೂ ಬಿಟ್ಟಿತು ಅಂದರೆ ಹೂ ಬಂತು. ಜ್ವರ ಬಿಟ್ಟಿತು ಅಂದರೆ ಜ್ವರ ಹೋಯಿತು. ಕಣ್ಣು ಬಿಟ್ಟ ಅಂದರೆ ತೆರೆದ. ಶಾಲೆ ಬಿಟ್ಟಿತು ಅಂದರೆ ಅವತ್ತಿಗೆ ಮುಗಿಯಿತು. ಶಾಲೆ ಬಿಟ್ಟ ಅಂದರೆ ಅವನು ಇನ್ನು ಬರುವುದೇ ಇಲ್ಲ. ಬಟ್ಟೆ ಬಣ್ಣ ಬಿಡುತ್ತದೆ, ಗೋಡೆ ಬಿರುಕು ಬಿಡುತ್ತದೆ, ನನ್ನ ತಮ್ಮ ಗಾಜು ತಾಗಿತು ಅಂತ ಬುರುಡೆ ಬಿಡುತ್ತಾನೆ. (ಈ ಕೊನೆಯದನ್ನು ನಕಲು ಮಾಡಬೇಡ.)

ಇನ್ನೊಂದು ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಾಗ ಅದಕ್ಕೆ ತನ್ನ ಅರ್ಥವೇ ಇರುವುದಿಲ್ಲ. ಹಿಂದಿನ ಮಾತಿಗೆ ಬೀಗ ಹಾಕುತ್ತದೆ, ಅಷ್ಟೇ. ಹೋದರು ಅಂದರೆ ವಾಪಸು ಬರಬಹುದು. ಹೋಗಿಬಿಟ್ಟರು ಅಂದರೆ ಇಲ್ಲ. ಇದನ್ನು ಹೋದ ವಾರ ಏಳನೇ ತರಗತಿಗೆ ಪಾಠ ಮಾಡಬೇಕಿತ್ತು. "ಹೋಗಿಬಿಟ್ಟರು" ಅಂತ ಬೋರ್ಡಿನ ಮೇಲೆ ಬರೆದೆ. ಮಕ್ಕಳ ಕಡೆ ತಿರುಗಲು ಆಗಲಿಲ್ಲ. ಚಾಕ್‌ಪೀಸ್ ಬಿತ್ತು ಅಂತ ನೆಲದ ಮೇಲೆ ಹುಡುಕುವ ನಾಟಕ ಮಾಡಿದೆ.

ಇನ್ನು ನಿನ್ನ ಭಾವನ ಬಿಡು. ಅದು ಸಾಹೇಬರಿಗೆ ಬೇಡ. ಜಗಳ ಶುರುವಾದರೆ "ಬಿಡೇ ಅತ್ಲಾಗೆ". ನಾನು ಅತ್ತರೆ "ಹೋಗ್ಲಿ ಬಿಡು". ನಲ್ಲಿ ಸೋರಲಿ, ಹಂಚು ಒಡೆಯಲಿ, ನೆಂಟರು ಮುನಿಸಿಕೊಳ್ಳಲಿ, ಎಲ್ಲಕ್ಕೂ ಅದೇ ಬಿಡು. ಬಿಡಬೇಕಾಗಿದ್ದ ಒಂದೇ ಒಂದನ್ನು ಮಾತ್ರ ಬಿಡಲಿಲ್ಲ.

ಕೊನೆಗೂ ಅದನ್ನೇ ಅಂದರು ಅಂದೆಯಲ್ಲ, ಯಾವ ದನಿಯಲ್ಲಿ ಅಂದರು? ಕೆಲಸದ ದನಿಯಲ್ಲೋ, ಬದುಕು ಸಾಕಾದವರ ದನಿಯಲ್ಲೋ? ಕರ್ತೃಪದ ಹಾಕಿ ಬರೆ.

ಅಕ್ಕ


ಏಪ್ರಿಲ್ ೮

ಅಕ್ಕಾ,

ಪಟ್ಟಿ ಕೊಟ್ಟೆ. ಸಾಹೇಬರು ಎರಡು ಸಲ ಓದಿದರು. "ಇಷ್ಟೊಂದಿದೆಯೇನ್ರೀ!" ಅಂದರು. ಬೀಡಿನ ವಿಷಯ ಅವರಿಗೆ ಬಹಳ ಹಿಡಿಸಿತು. ಆಮೇಲೆ ಹಾಳೆಯನ್ನು ಪಕ್ಕಕ್ಕಿಟ್ಟು, "ಹಗ್ಗದ ಕೆಲಸದಲ್ಲಿ?" ಎಂದು ಕೇಳಿದರು. ಹಗ್ಗದ ಕೆಲಸದಲ್ಲಿ ಬಿಡು ಅಂದರೆ ಇಳಿಸು, ಬೇರೆ ಅರ್ಥವಿಲ್ಲ ಅಂದೆ. ಪಕ್ಕದಲ್ಲಿ ಕೂತು ನಟರಿಗೆ ಮಾತು ನೆನಪು ಮಾಡಿಕೊಡುವ ಪ್ರಾಂಪ್ಟರ್ ಅಜ್ಜನನ್ನೂ ಕರೆಸಿದರು. ಅವರೂ ಬಿಡು ಅಂತಲೇ ಕೇಳಿಸಿತು ಅಂದರು. ಅವರಿಗೆ ಒಂದು ಕಿವಿ ಮಂದ. ಅದನ್ನು ಯಾರೂ ಕೇಳಲಿಲ್ಲ.

ತೀರ್ಮಾನ ಬಂತು. ಹಗ್ಗದ ಮೇಸ್ತ್ರಿ ತಾನೇ ಭಾರದ ಕೆಳಗೆ ನಿಂತು, ತಾನೇ ಬಿಡು ಎಂದು ಹೇಳಿದ್ದರಿಂದ ಆದ ಅಪಘಾತ. ಹಗ್ಗ ಹಿಡಿದವನ ತಪ್ಪಿಲ್ಲ.

ಹಗ್ಗ ಹಿಡಿದವನು ನಾನು. ನಿನಗೆ ಮೊದಲೇ ತಿಳಿದಿರುತ್ತದೆ. ಕೈ ಸುಟ್ಟದ್ದು ಹಗ್ಗದಿಂದ. ಮತ್ತೆ ಹಿಡಿಯಲು ಹೋದೆ, ಆಗಲಿಲ್ಲ. ಭಾವ ಹೇಳಿದಂತೆ ಮಾಡಿದೆ ಅಕ್ಕಾ. ಒಂಬತ್ತು ವರ್ಷ ಅವರು ಹೇಳಿದಂತೆಯೇ ಮಾಡಿದವನು.

ದನಿ ಯಾವುದು ಅಂತ ಕೇಳಿದ್ದೆ. ದನಿ ನೆನಪಿಲ್ಲ.

ನನ್ನನ್ನು ಹಗ್ಗದ ಮೇಸ್ತ್ರಿ ಮಾಡಿದ್ದಾರೆ.

ತಮ್ಮ


ಏಪ್ರಿಲ್ ೧೧

ಕಾಗದ ಬಂತು. ಕರ್ತೃಪದ ಸಿಕ್ಕಿತು. ಸದ್ಯಕ್ಕೆ ನನಗೆ ಬರೆಯಬೇಡ.


ಮೇ ೫

ಅಕ್ಕಾ,

ಬರೆಯಬೇಡ ಅಂದಿದ್ದೆ. ಮೂರು ವಾರ ತಡೆದೆ. ಬೈಯುವುದಿದ್ದರೆ ಬೈದು ಬರೆ, ಎರಡು ಸಾಲು ಸಾಕು.

ಇಲ್ಲಿ ಈಗ ಯಾರೂ ಬಿಡು ಅನ್ನುವುದಿಲ್ಲ. ಯಾರೂ ಹೇಳಿಕೊಟ್ಟಿಲ್ಲ, ತಾವಾಗಿಯೇ ಹಾಗಾಗಿದ್ದಾರೆ. ಪರದೆ ಇಳಿಸುವಾಗ "ಇಳ್ಸು", "ಬರ್ಲಿ" ಅನ್ನುತ್ತಾರೆ. ಮೊನ್ನೆ ರಾಣಿಯ ಪಾತ್ರದವಳು ಸೆರಗು ಮೊಳೆಗೆ ಸಿಕ್ಕಿಕೊಂಡು "ಅಯ್ಯೋ ಬಿಡಿಸ್ರೋ" ಅಂದಳು. ಅಂದವಳೇ ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಸೆರಗು ಅಲ್ಲೇ ಹರಿಯಿತು.

ಕೆಲಸ ನನಗೆ ಸರಿಯಾಗಿ ಆಗುತ್ತಿಲ್ಲ. ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಸಾಕು, ನಾನು ಐದು ಸುತ್ತುತ್ತೇನೆ. ಇಳಿಸುವ ಹೊತ್ತಿಗೆ ಬಿಚ್ಚಲು ತಡವಾಗಿ ರಾಜ ಬಯಲಲ್ಲೇ ನಿಂತಿರುತ್ತಾನೆ. ಜನ ನಗುತ್ತಾರೆ. ಪ್ರಾಂಪ್ಟರ್ ಅಜ್ಜ ಟೀ ತಂದುಕೊಟ್ಟು, "ನಿಂದೇನೂ ತಪ್ಪಿಲ್ಲಪ್ಪಾ, ಬರೆದುಕೊಟ್ಟಿದ್ದಾರಲ್ಲ" ಅನ್ನುತ್ತಾರೆ. ಅವರು ಹಾಗೆ ಅಂದ ದಿನ ಟೀ ಲೋಟವನ್ನು ಹಾಗೇ ಇಟ್ಟು ಎದ್ದು ಹೋಗುತ್ತೇನೆ.

ನೀನು ಹೇಗಿದ್ದೀಯ? ಶಾಲೆಗೆ ರಜೆ ಕೊಟ್ಟಿರಬೇಕು. ಮನೆಯಲ್ಲಿ ಒಬ್ಬಳೇ ಏನು ಮಾಡುತ್ತೀಯ?

ತಮ್ಮ


ಮೇ ೧೯

ತಮ್ಮಾ,

ನಿನ್ನನ್ನು ಬೈಯುವ ಶಕ್ತಿ ಇದ್ದಿದ್ದರೆ ಎಂದೋ ಬೈಯುತ್ತಿದ್ದೆ. ನಾನೇ ಒಂದು ವಿಷಯ ಮುಚ್ಚಿಟ್ಟು ಕೂತಿದ್ದೇನೆ. ಅದು ಒಳಗಿದ್ದು ನನ್ನನ್ನು ತಿನ್ನುತ್ತಿದೆ. ರಜೆ ಬಂದ ಮೇಲಂತೂ ತಡೆಯಲು ಆಗುತ್ತಿಲ್ಲ.

ಫೆಬ್ರವರಿ ಹತ್ತಕ್ಕೆ ನಿನ್ನ ಭಾವನಿಗೆ ಒಂದು ಕಾಗದ ಹಾಕಿದ್ದೆ. ನಾಲ್ಕೇ ಸಾಲು. ಇಪ್ಪತ್ತೆರಡು ವರ್ಷ ತಿಂಗಳಿಗೆ ಎರಡು ದಿನದ ಸಂಸಾರ ಮಾಡಿದ್ದೇನೆ. ಬಾಗಿಲು ತೆಗೆದರೂ ನಾನೇ, ಹಾಕಿದರೂ ನಾನೇ. ಇನ್ನು ನನ್ನಿಂದ ಆಗುವುದಿಲ್ಲ. ಒಂದೋ ಆ ಹಗ್ಗ ಬಿಡಿ, ಇಲ್ಲಾ ನನ್ನನ್ನು ಬಿಡಿ.

ಅವರನ್ನು ಕಳಿಸಿಕೊಟ್ಟು ವಾಪಸು ಬಂದ ದಿನ ಬೀಗ ತೆಗೆದು ಬಾಗಿಲು ತಳ್ಳಿದೆ. ಕೆಳಗೆ ಒಂದು ಕಾರ್ಡು ಬಿದ್ದಿತ್ತು. ಅವರ ಅಕ್ಷರ. ಹತ್ತೊಂಬತ್ತನೇ ತಾರೀಕಿನ ಅಂಚೆ ಮುದ್ರೆ, ಅಂದರೆ ಅವರು ಹೋದ ದಿನವೇ ಬೆಳಗ್ಗೆ ಹಾಕಿದ್ದು. ಸತ್ತವರ ಕಾರ್ಡು ಬದುಕಿರುವವರ ಮನೆಗೆ ಬಂದು ಕಾಯುತ್ತಾ ಇತ್ತು. ಅದರಲ್ಲಿ ಇದ್ದದ್ದು ಒಂದೇ ಮಾತು.

ಬಿಡೆ.

ನಿನಗೆ ಬರೆದುಕೊಟ್ಟ ಪಟ್ಟಿಯಲ್ಲಿ ಇದನ್ನು ಬೇಕೆಂದೇ ಸೇರಿಸಿರಲಿಲ್ಲ. ಬಿಡುವೆ ಅಂದರೆ ಬಿಡುತ್ತೇನೆ. ನಡುವಿನ "ಉವ" ತೆಗೆದರೆ ಬಿಡೆ, ಬಿಡುವುದಿಲ್ಲ. ಇಲ್ಲ ಅನ್ನುವ ಪದವನ್ನೇ ಹಾಕದೆ ಇಲ್ಲ ಅನ್ನುವುದು ಹಳೆಯ ನುಡಿಯ ರೀತಿ. ಈಗ ಹಾಗೆ ಮಾತಾಡುವವರು ನಾಟಕದ ರಾಜರು ಮಾತ್ರ. ನನ್ನ ನಾಲ್ಕು ಸಾಲಿನ ಸಂಕಟಕ್ಕೆ ಅವರು ನಾಟಕದ ಮಾತಿನಲ್ಲಿ ಉತ್ತರ ಬರೆದಿದ್ದರು. ಏನನ್ನು ಬಿಡೆ ಅಂತ ಬರೆದಿರಲಿಲ್ಲ. ನನಗೆ ಕೇಳುವ ಅಗತ್ಯವೇ ಕಾಣಲಿಲ್ಲ. ಹಗ್ಗವನ್ನು, ಮತ್ತೇನನ್ನು? ಹೋದವರ ಮೇಲೆ ಕೋಪ ಮಾಡಿಕೊಂಡು ಕೂತೆ. ಮೊದಲ ಕಾಗದ ನಿನಗೆ ಬರೆದದ್ದು ಆ ಕೋಪದಲ್ಲೇ.

ಆಮೇಲೆ ನಿನ್ನ ಉತ್ತರ ಬಂತು. ಬೆಳಗ್ಗೆ ಬಿಡೆ ಅಂದವರು ಮಧ್ಯಾಹ್ನ ಬಿಡು ಅಂದರಂತೆ. ತಲೆಯ ಮೇಲೆ ಭಾರ ಇಟ್ಟುಕೊಂಡು, ಮರಳಿನ ಚೀಲ ಇಲ್ಲ ಅಂತ ಗೊತ್ತಿದ್ದೂ ಬಿಡು ಅಂದರಂತೆ. ಇಪ್ಪತ್ತೆರಡು ವರ್ಷದ ಮೇಸ್ತ್ರಿಗೆ ಇದು ತಿಳಿಯದ ವಿಷಯವಾ? ಯಾರ ಕೈಗೂ ಕೊಡದ ಕೋಟೆಯ ಹಗ್ಗವನ್ನು ಅವತ್ತು ನಿನ್ನ ಕೈಗೆ ಯಾಕೆ ಕೊಟ್ಟರು? ಹೆಂಡತಿ ಬಿಡಿ ಅಂದಳು, ಹಗ್ಗ ಬಿಡಲು ಮನಸ್ಸಿಲ್ಲ, ಎರಡೂ ಬೇಡ ಅಂದುಕೊಂಡು ಬೇಕೆಂದೇ ಅಂದರಾ? ನನ್ನ ನಾಲ್ಕು ಸಾಲು ಅವರನ್ನು ಕೊಂದಿತಾ?

ಎರಡು ತಿಂಗಳಿಂದ ಇದೇ ಕೇಳಿಕೊಳ್ಳುತ್ತಿದ್ದೇನೆ. ಅವತ್ತು ಅವರು ಹೇಗಿದ್ದರು? ನನಗೆ ಸಮಾಧಾನ ಮಾಡಬೇಡ, ಇದ್ದದ್ದು ಹೇಳು.

ಅಕ್ಕ


ಮೇ ೨೩

ಅಕ್ಕಾ,

ನಿನ್ನ ಕಾಗದ ಇವತ್ತು ಬಂತು. ಓದಿದವನೇ ಬರೆಯುತ್ತಿದ್ದೇನೆ. ತಿದ್ದಲು ಹೋದರೆ ಮತ್ತೆ ಸುಳ್ಳು ಬರುತ್ತದೆ.

ಭಾವ ಸಾಯಲು ಹೊರಟವರಲ್ಲ. ಮನೆಗೆ ಹೊರಟವರು.

ಹದಿನೈದನೇ ತಾರೀಕೇ ಕೆಲಸ ಬಿಡುತ್ತೇನೆ ಅಂತ ಮ್ಯಾನೇಜರಿಗೆ ಬರೆದುಕೊಟ್ಟಿದ್ದರು. ಶನಿವಾರ ಕೊನೆಯ ಆಟ. ಇನ್ನು ಐದು ದಿನ ಇತ್ತು. "ಅಕ್ಕಂಗೆ ಹೇಳ್ಬೇಡ ಕಣೋ. ಬಾಗ್ಲಲ್ಲಿ ಟ್ರಂಕು ಇಳಿಸಿ ಅವಳ ಮುಖ ನೋಡ್ಬೇಕು ನಾನು" ಅಂದಿದ್ದರು. ಕಾರ್ಡಿನ ವಿಷಯ ನನಗೆ ಗೊತ್ತಿರಲಿಲ್ಲ. ಅವರು ಬಿಡೆ ಅಂದದ್ದು ನಿನ್ನನ್ನು ಅಕ್ಕಾ. ಹಗ್ಗವನ್ನು ಆಗಲೇ ಬಿಟ್ಟಾಗಿತ್ತು. ಮುಂದೆ ನಾನೇ ನೋಡಿಕೊಳ್ಳಬೇಕು ಅಂತ ಆ ವಾರ ಎಲ್ಲ ಹಗ್ಗಗಳನ್ನೂ ನನ್ನ ಕೈಗೆ ಕೊಟ್ಟು ಕಲಿಸುತ್ತಿದ್ದರು. ಕೋಟೆಯ ಹಗ್ಗ ನನ್ನ ಕೈಗೆ ಬಂದದ್ದು ಹಾಗೆ.

ಇದನ್ನು ಯಾಕೆ ಹೇಳಲಿಲ್ಲ ಅಂದರೆ, ಐದು ದಿನದಲ್ಲಿ ಮನೆಗೆ ಬರುವವರಿದ್ದರು ಅಂತ ನಿನಗೆ ಯಾವ ಬಾಯಲ್ಲಿ ಹೇಳಲಿ?

ಇನ್ನೂ ಇದೆ. ಅವರು ಬಿಡು ಅನ್ನಲಿಲ್ಲ.

ಈಗಿನ ಆಟದಲ್ಲಿ ರಾಜ ಕೋಟೆಯ ಬಾಗಿಲು ಹಿಡಿದು "ಬಿಡೆ! ಬಿಡೆನೀ ಕೋಟೆಯ!" ಅಂತ ಕೂಗುತ್ತಾನೆ. ದಿನಾ ಕೇಳಿ ಕೇಳಿ ಭಾವ ಅದನ್ನೇ ತಮಾಷೆ ಮಾಡಿಕೊಂಡಿದ್ದರು. ಬೀಡಿ ಬಿಡಿ ಭಾವ ಅಂದರೆ ಎದೆ ಉಬ್ಬಿಸಿ "ಬಿಡೆ!" ಬಾತ್‌ರೂಮಿನ ಬಾಗಿಲು ತಟ್ಟಿದರೆ ಒಳಗಿಂದ "ಬಿಡೆ!" ನಮಗೆಲ್ಲ ನಕ್ಕು ನಕ್ಕು ಸಾಕಾಗುತ್ತಿತ್ತು.

ಅವತ್ತು ಮೊಳೆಗೆ ಸಿಕ್ಕ ಅಂಚನ್ನು ಎಷ್ಟೊತ್ತು ಎಳೆದರೂ ಬರಲಿಲ್ಲ. ನನ್ನ ಕೈ ಸೋಲುತ್ತಿತ್ತು. "ಭಾವಾ, ಬಿಟ್ಟು ಬನ್ನಿ ಈಚೆ, ಮೇಲಕ್ಕೆ ಕಟ್ಟಿ ಆಮೇಲೆ ನೋಡೋಣ" ಅಂತ ಕೂಗಿದೆ. ಅವರು ತಲೆ ಎತ್ತಿ, ನಗುತ್ತಾ, ರಾಜನ ದನಿಯಲ್ಲಿ "ಬಿಡೆ!" ಅಂದರು. ದನಿ ನೆನಪಿಲ್ಲ ಅಂದದ್ದು ಸುಳ್ಳು. ಆ ದನಿ ಬಿಟ್ಟು ನನಗೆ ಬೇರೆ ಏನೂ ಕೇಳಿಸುತ್ತಿಲ್ಲ.

ಒಂಬತ್ತು ವರ್ಷದಿಂದ ಅವರ ಬಾಯಲ್ಲಿ ಬಿಡು ಬಂದ ಕೂಡಲೇ ನನ್ನ ಕೈ ಬಿಡುತ್ತದೆ. ಅವರೇ ಹಾಗೆ ಕಲಿಸಿದ್ದು. "ಯೋಚ್ನೆ ಮಾಡ್ಬೇಡ, ಯೋಚ್ನೆ ಮಾಡಿದ್ರೆ ತಡ ಆಗುತ್ತೆ, ಕೈ ಕೇಳ್ಬೇಕು" ಅನ್ನುತ್ತಿದ್ದರು. ಕೈಗೆ "ಬಿ" ಕೇಳಿಸಿತು. ಉಳಿದ ಅಕ್ಷರ ಕಿವಿಗೆ ಬರುವಷ್ಟರಲ್ಲಿ ಹಗ್ಗ ಹೋಗಿತ್ತು.

ಸಾಹೇಬರು ಕೇಳಿದಾಗ ಬಿಡು ಅಂದರು ಅಂತ ಬಾಯಿಗೆ ಬಂತು. ಬಂದ ಮೇಲೆ ತಿದ್ದಲಿಲ್ಲ. ಹೆದರಿದೆ. ಅವರಿಗಿಂತ ಹೆಚ್ಚು ನಿನಗೆ ಹೆದರಿದೆ.

ತಮ್ಮ


ಜೂನ್ ೧

ತಮ್ಮಾ,

ಐದು ದಿನ ಬೇಕಾಯಿತು ಇದನ್ನು ಬರೆಯಲು.

ಮೊದಲು ಕಾರ್ಡು ಹಿಡಿದುಕೊಂಡು ಅತ್ತೆ. ಫೆಬ್ರವರಿಯಲ್ಲಿ ಅಳಬೇಕಾದದ್ದೆಲ್ಲ ಈಗ ಅತ್ತೆ. ನನ್ನ ಪ್ರಶ್ನೆಗೆ ಅವರು ಪೂರ್ತಿ ಉತ್ತರವನ್ನೇ ಕೊಟ್ಟಿದ್ದರು. ಮಕ್ಕಳಿಗೆ ವ್ಯಾಕರಣ ಕಲಿಸುವ ನಾನು ಓದಲು ತಪ್ಪಿದೆ.

ಆಮೇಲೆ ಇನ್ನೊಂದು ಹೊಳೆಯಿತು. ನಾನು ಹಗ್ಗ ಬಿಡಿ ಅಂತ ಬರೆಯದಿದ್ದರೆ ಅವರು ಕೆಲಸ ಬಿಡುತ್ತಿರಲಿಲ್ಲ. ಬಿಡದಿದ್ದರೆ ಆ ಹಗ್ಗ ನಿನ್ನ ಕೈಗೆ ಬರುತ್ತಿರಲಿಲ್ಲ. ಅವರು ನನ್ನ ಮಾತು ಕೇಳಿದ್ದರಿಂದಲೇ ಹೋದರು. ಇದನ್ನು ಇಟ್ಟುಕೊಂಡು ಬದುಕುವುದು ನನ್ನ ಪಾಲಿನದು, ಇದಕ್ಕೆ ನೀನು ಉತ್ತರ ಬರೆಯಬೇಡ.

ನಿನ್ನ ಪಾಲಿನದು ಬೇರೆ ಇದೆ. ಆ ಕಡತದಲ್ಲಿ ನನ್ನ ಗಂಡ ತನ್ನ ತಲೆಯ ಮೇಲೆ ತಾನೇ ಭಾರ ಬಿಡು ಅಂದ ದಡ್ಡ. ಇಲ್ಲವೇ ಸಾಯಬೇಕೆಂದು ಅಂದವನು. ಓದಿದವರು ಎರಡರಲ್ಲಿ ಒಂದು ಅಂದುಕೊಳ್ಳುತ್ತಾರೆ. ನಾನೇ ಅಂದುಕೊಂಡೆನಲ್ಲ! ಎತ್ವ ಇರಬೇಕಾದಲ್ಲಿ ಒಂದು ಕೊಂಬು ಕೊಟ್ಟು ನೀನು ಉಳಿದುಕೊಂಡೆ, ತಪ್ಪನ್ನು ಸತ್ತವರ ತಲೆಗೆ ಕಟ್ಟಿದೆ. ಅವರು ಎದ್ದು ಬಂದು ನಾನು ಹಾಗಂದಿಲ್ಲ ಅನ್ನುವ ಹಾಗಿಲ್ಲ.

ಹೋಗಿ ತಿದ್ದಿಸು. ಆಮೇಲೆ ನನಗೆ ಬರೆ. ತಿದ್ದಿಸದೆ ಬರೆದರೆ ಒಡೆಯದೆ ವಾಪಸು ಕಳಿಸುತ್ತೇನೆ.

ಅಕ್ಕ


ಜೂನ್ ೧೮

ಅಕ್ಕಾ,

ತಿದ್ದಿಸಿದೆ. ನಕಲು ಇದರ ಜೊತೆ ಇಟ್ಟಿದ್ದೇನೆ.

ಸಾಹೇಬರ ಕಚೇರಿ ಬೇರೆ ಊರಿನಲ್ಲಿದೆ. ಎರಡು ಸಲ ಹೋದಾಗ ಇರಲಿಲ್ಲ, ಮೂರನೇ ಸಲ ಸಿಕ್ಕರು. ಮೂಗು ಒರೆಸಿಕೊಳ್ಳುತ್ತಾ ಎಲ್ಲ ಕೇಳಿದರು. "ಒಂದಕ್ಷರಕ್ಕೆ ಮುಗಿದ ಕಡತ ತೆಗೀಬೇಕಾ? ಬಿಡ್ರೀ, ಹೋದೋರು ಹೋದ್ರು" ಅಂದರು. ನಾನು ಕುರ್ಚಿಯಿಂದ ಏಳಲಿಲ್ಲ. "ತಪ್ಪು ನಿಮ್ಮ ಮೇಲೇ ಬರುತ್ತೆ, ಗೊತ್ತಾ?" ಅಂದರು. ಗೊತ್ತು ಅಂದೆ. ಟೈಪು ಮಾಡುವ ಹೆಂಗಸು "ಬಿಡೆ" ಅಂತ ಹೊಡೆದು, ತಲೆ ಎತ್ತಿ, "ಇದು ಬಿಡೇ ಅಂತ ಹೆಂಗಸ್ರಿಗೆ ಹೇಳೋದಾ ಸಾರ್?" ಎಂದು ಕೇಳಿದಳು. "ಅಲ್ಲಮ್ಮ, ಬಿಡೋದಿಲ್ಲ ಅಂತ" ಅಂದೆ. ಅವಳಿಗೆ ಏನು ತಿಳಿಯಿತೋ, ನನಗೆ ಕುಡಿಯಲು ನೀರು ತಂದುಕೊಟ್ಟಳು.

ಹಗ್ಗ ಹಿಡಿದವನು ಮಾತನ್ನು ತಪ್ಪಾಗಿ ತಿಳಿದು ಹಗ್ಗ ಬಿಟ್ಟದ್ದರಿಂದ ಆದ ಸಾವು. ಹಾಗೆ ಬರೆದಿದ್ದಾರೆ. ಕರ್ತೃಪದ ಇದೆ, ನೋಡು.

ನಾಟಕಶಾಲೆಯಿಂದ ನನ್ನನ್ನು ಬಿಡಿಸಿದರು. ಮ್ಯಾನೇಜರು ಬೈಯಲಿಲ್ಲ, ಮುಖವನ್ನೂ ನೋಡಲಿಲ್ಲ. ಕೋಣೆ ಖಾಲಿ ಮಾಡಿ ಪ್ರಾಂಪ್ಟರ್ ಅಜ್ಜನ ಮನೆಯಲ್ಲಿ ಇದ್ದೇನೆ. ಅಜ್ಜ "ನನಗೆ ಕೇಳಿಸಿದ್ದೂ ಸುಳ್ಳಾಯಿತಲ್ಲಪ್ಪಾ" ಅಂತ ಪುಸ್ತಕ ಮುಚ್ಚಿಟ್ಟು ಕೂತುಬಿಟ್ಟಿದ್ದಾರೆ. ಇನ್ನು ಮಾತು ಹೇಳಿಕೊಡಲು ಹೋಗುವುದಿಲ್ಲವಂತೆ. ಅದೂ ನನ್ನಿಂದಲೇ ಆಯಿತು. ಕುರ್ಚಿ ಮೇಜು ಮಾಡುವ ಕಾರ್ಖಾನೆಯಲ್ಲಿ ಮರ ಉಜ್ಜುವ ಕೆಲಸ ಸಿಕ್ಕಿದೆ. ಕೈ ಪೂರ್ತಿ ಮಡಚಲು ಬರುವುದಿಲ್ಲ, ಉಪ್ಪುಕಾಗದ ಹಿಡಿಯಲು ಅಷ್ಟು ಮಡಚಿದರೆ ಸಾಕು.

ಅಕ್ಕಾ, ನಾನು ಬರಲಾ? ಹೊರಗಿನ ಕೋಣೆಯಲ್ಲಿ ಇರುತ್ತೇನೆ. ಸೋರುವ ನಲ್ಲಿ ಸರಿ ಮಾಡುತ್ತೇನೆ, ಹಂಚು ಹಾಕುತ್ತೇನೆ. ನೀನು ಮಾತಾಡಿಸದಿದ್ದರೂ ಪರವಾಗಿಲ್ಲ. ನಿನ್ನನ್ನು ಬಿಟ್ಟರೆ ನನಗೆ ಯಾರಿದ್ದಾರೆ?

ತಮ್ಮ


ಜೂನ್ ೨೬

ತಮ್ಮಾ,

ನಕಲು ಬಂತು. ಆ ಸಾಲನ್ನು ಗಟ್ಟಿಯಾಗಿ ಓದಿದೆ. ಅವರ ಮೇಲಿದ್ದ ಮಾತು ಹೋಯಿತು. ಇದನ್ನು ಮಾಡಲು ನಿನಗೆ ಎಷ್ಟು ಕಷ್ಟವಾಗಿರಬೇಕು ಅಂತ ನನಗೆ ಗೊತ್ತು. ಮಾತೇ ಆಡದವನು ಮೂರು ಸಲ ಹೋಗಿ ಮಾತಾಡಿ ಬಂದಿದ್ದೀಯ.

ಬರಬೇಡ.

ಕೋಪದಿಂದ ಹೇಳುತ್ತಿಲ್ಲ. ಕೋಪ ಇದ್ದಿದ್ದರೆ ಬಾ ಅನ್ನುತ್ತಿದ್ದೆ, ಎದುರಿಗೆ ಕೂರಿಸಿಕೊಂಡು ನಾಲ್ಕು ಮಾತು ಅಂದು ಮುಗಿಸುತ್ತಿದ್ದೆ. ನೀನು ಬೇಕೆಂದು ಮಾಡಲಿಲ್ಲ, ತಿಳಿದಿದೆ. ಕಲಿಸಿದವರು ಅವರೇ, ಹಗ್ಗ ಬಿಡಿ ಅಂತ ಬರೆದು ಕಳಿಸಿದವಳು ನಾನೇ, ಅದೂ ತಿಳಿದಿದೆ. ಆದರೆ ನೀನು ಬಾಗಿಲಲ್ಲಿ ನಿಂತರೆ ನಾನು ಮೊದಲು ನೋಡುವುದು ನಿನ್ನ ಮುಖವನ್ನಲ್ಲ, ಕೈಯನ್ನು. ಆಗ ಒಳಗೆ ಕರೆಯುತ್ತೇನೋ, ಬಾಗಿಲು ಹಾಕುತ್ತೇನೋ, ನನಗೇ ಗೊತ್ತಿಲ್ಲ. ಒಂದು ಸಲ ಹಾಕಿದೆನೆಂದರೆ ಮತ್ತೆ ತೆಗೆಯುವವಳಲ್ಲ ನಾನು, ನಿನಗೆ ಗೊತ್ತಲ್ಲ. ಆ ಭಯಕ್ಕೇ ಬರಬೇಡ ಅನ್ನುತ್ತಿದ್ದೇನೆ. ಯಾರಿದ್ದಾರೆ ಅಂತ ಕೇಳಿದೆಯಲ್ಲ, ನನಗೂ ಯಾರೂ ಇಲ್ಲ. ಇರುವ ಒಬ್ಬ ತಮ್ಮನ ಮುಖ ನೋಡಲಾರೆ, ಅವನನ್ನು ಕಳೆದುಕೊಳ್ಳಲೂ ಆರೆ.

ಎಷ್ಟು ದಿನ ಅಂತ ಕೇಳಬೇಡ. ಒಂದು ವರ್ಷವೋ, ಹೆಚ್ಚೋ.

ಶಾಲೆ ಶುರುವಾಗಿದೆ. ಏಳನೇ ತರಗತಿಗೆ ಈ ವರ್ಷ ಬೇರೆ ಟೀಚರನ್ನು ಕೇಳಿಕೊಂಡಿದ್ದೇನೆ. ನೀನು ಅಜ್ಜನನ್ನು ಚೆನ್ನಾಗಿ ನೋಡಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ಮರದ ಧೂಳು ಎದೆಗೆ ಒಳ್ಳೆಯದಲ್ಲ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು. ಏನಾಯಿತು, ಏನು ತಿಂದೆ, ಯಾವ ಕುರ್ಚಿ ಉಜ್ಜಿದೆ, ಎಲ್ಲ ಬರೆ. ನಾನು ಉತ್ತರ ಬರೆಯದಿದ್ದರೂ ಬರೆ. ಓದುತ್ತಿರುತ್ತೇನೆ. ಬರೆಯುವುದನ್ನು ಮಾತ್ರ ಬಿಡಬೇಡ.

ಅಕ್ಕ